ಮೋಟಾರು ದೀಪಗಳ ಹೊಂದಾಣಿಕೆ

ಹೊತ್ತು ಮುಳುಗಿದ ಮೇಲೆ ನಾಯಂಡಹಳ್ಳಿಯ ಬಳಿ ಮೈಸೂರು ರಸ್ತೆಯ ಅಂಚಿನಲ್ಲಿ ಹತ್ತು ನಿಮಿಷ ನಿಂತು, ಎದುರಿನಿಂದ ಬರುವ ವಾಹನಗಳ ದೀಪಗಳನ್ನಷ್ಟೇ ಗಮನಿಸಿ ನೋಡಿ. ಒಂದು ದೀಪ ಹರಳೆಣ್ಣೆಯ ಹಣತೆಯಂತೆ ಹಳದಿ. ಇನ್ನೊಂದು ಹಾಲಿನಂತೆ ಬಿಳುಪು. ಮತ್ತೊಂದು ಬಟ್ಟೆಗೆ ನೀಲಿ ಅದ್ದಿದಂತೆ ನಸುನೀಲಿ. ನಡುವೆ ಒಂದು ಕಾರು ಬರುತ್ತದೆ. ಅದರ ಎಡಗಣ್ಣು ಹಳದಿ, ಬಲಗಣ್ಣು ಬಿಳಿ. ಒಂದು ಬಲ್ಬು ಸುಟ್ಟುಹೋದಾಗ ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಾಕಿಸಿಕೊಂಡದ್ದರ ಫಲ ಅದು. ಇವೆಲ್ಲವೂ ಹೆಡ್‌ಲೈಟುಗಳೇ. ಆದರೆ ಇವು ಬೆಳಕು ಕೊಡುವ ಬಗೆ ಒಂದೇ ಅಲ್ಲ; ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದೂ, ಒಂದರ ಜೊತೆ ಇನ್ನೊಂದು ದುಡಿಯುವುದೂ ನಾವು ತಿಳಿದಷ್ಟು ಸುಲಭವಲ್ಲ.

ಮೊದಲಿಗೆ ಬೆಳಕು ಹುಟ್ಟುವ ಸಂಗತಿ. ಮೋಟಾರು ಗಾಡಿಗಳ ಆರಂಭದ ದಿನಗಳಲ್ಲಿ ಕಾರ್ಬೈಡಿಗೆ ನೀರು ತೊಟ್ಟಿಕ್ಕಿಸಿ, ಹೊರಟ ಅನಿಲವನ್ನು ಉರಿಸಿ ದಾರಿ ಕಾಣುತ್ತಿದ್ದರು. ಆ ಬಳಿಕ ಬಂದದ್ದು ತಂತಿಯ ಬಲ್ಬು. ಮಲ್ಲೇಶ್ವರದಲ್ಲಿ 1936ರಲ್ಲಿ ಆರಂಭವಾದ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯ ಬಲ್ಬುಗಳು ಒಂದು ಕಾಲಕ್ಕೆ ನಮ್ಮ ಮನೆಮನೆಯ ನಡುಮನೆಯಲ್ಲಿ ತೂಗುತ್ತಿದ್ದುವಲ್ಲ, ತತ್ತ್ವದಲ್ಲಿ ಅವೂ ಮೋಟಾರಿನ ಬಲ್ಬೂ ಅಣ್ಣತಮ್ಮಂದಿರು. ಟಂಗ್‌ಸ್ಟನ್ ಲೋಹದ ಕೂದಲೆಳೆಯಂಥ ತಂತಿಯ ಮೂಲಕ ವಿದ್ಯುತ್ತು ಹರಿದು, ತಂತಿ ಕಾದು, ಕೆಂಪಾಗಿ, ಬಿಳುಪೇರಿ ಬೆಳಗುತ್ತದೆ. ಕಾದಷ್ಟೂ ಬೆಳಕು ಹೆಚ್ಚು. ಆದರೆ ಕಾದಷ್ಟೂ ತಂತಿಯ ಲೋಹ ಆವಿಯಾಗಿ ಹಾರಿ ಗಾಜಿನ ಒಳಮೈಗೆ ಅಂಟುತ್ತದೆ. ಹಳೆಯ ಬಲ್ಬುಗಳ ಬುರುಡೆ ಮಸಿ ಹಿಡಿದಂತೆ ಕಪ್ಪಾಗುತ್ತಿದ್ದುದು ಇದರಿಂದಲೇ.

ಈ ಕಾಯಿಲೆಗೆ ಮದ್ದು ಹ್ಯಾಲೊಜನ್. ಬುರುಡೆಯೊಳಗೆ ಅಯೊಡೀನ್ ಅಥವಾ ಬ್ರೋಮೀನ್ ಜಾತಿಯ ಅನಿಲವನ್ನು ಲೇಶದಷ್ಟು ತುಂಬುತ್ತಾರೆ. ತಂತಿಯಿಂದ ಹಾರಿದ ಟಂಗ್‌ಸ್ಟನ್ ಕಣ ಗಾಜಿನ ಬಳಿ ಬಂದಾಗ ಈ ಅನಿಲ ಅದನ್ನು ಅಂಟಗೊಡದೆ ಹಿಡಿದುಕೊಳ್ಳುತ್ತದೆ. ತಿರುಗಿ ತಂತಿಯ ಬಳಿಗೆ ಬಂದಾಗ, ಅಲ್ಲಿನ ಉರಿ ತಾಳಲಾರದೆ ಲೋಹವನ್ನು ಅಲ್ಲಿಯೇ ಬಿಟ್ಟು ಬರಿಗೈಯಲ್ಲಿ ಹೊರಡುತ್ತದೆ. ದಾರಿ ತಪ್ಪಿದ ಮಕ್ಕಳನ್ನು ಮನೆಗೆ ಮುಟ್ಟಿಸುವ ಕೆಲಸ ಅದರದು. ಈ ಸುತ್ತಾಟ ನಡೆಯಬೇಕಾದರೆ ಗಾಜು 250 ಡಿಗ್ರಿಗೂ ಮೇಲೆ ಬಿಸಿಯಾಗಿರಬೇಕು. ಆದುದರಿಂದಲೇ ಹ್ಯಾಲೊಜನ್ ಬುರುಡೆ ಹೆಬ್ಬೆರಳಿನಷ್ಟು ಚಿಕ್ಕದು. ಅದು ಸಾಮಾನ್ಯ ಗಾಜೂ ಅಲ್ಲ, ಸ್ಫಟಿಕದ ಗಾಜು. ಬಲ್ಬು ಬದಲಿಸುವಾಗ ಬುರುಡೆಯನ್ನು ಬೆರಳಿಂದ ಮುಟ್ಟಬೇಡಿ ಎಂದು ತಿಳಿದ ಮೆಕಾನಿಕ್ಕುಗಳು ಹೇಳುವುದುಂಟು. ಅದು ಮಡಿಯ ಮಾತಲ್ಲ. ಬೆರಳಿನ ಜಿಡ್ಡು ತಾಕಿದ ಕಡೆ ಗಾಜು ಉಳಿದ ಭಾಗಕ್ಕಿಂತ ಹೆಚ್ಚು ಕಾದು ಬಿರಿಯಬಹುದು.

ಯೂರೋಪಿನಲ್ಲಿ 1962ರಲ್ಲಿ ಮೊದಲ ಹ್ಯಾಲೊಜನ್ ಹೆಡ್‌ಲೈಟು ಬಂದಿತು. 1971ರಲ್ಲಿ ಬಂದ ಎಚ್4 ಎಂಬ ಬಲ್ಬು ಇಂದಿಗೂ ನಮ್ಮ ಸಣ್ಣ ಕಾರುಗಳಲ್ಲಿ ಬಹಳವಾಗಿ ಕಾಣುತ್ತದೆ. ಇದರ ವಿಶೇಷವೇನೆಂದರೆ ಒಂದೇ ಬುರುಡೆಯಲ್ಲಿ ಎರಡು ತಂತಿ: ಹೈಬೀಮಿಗೆ 60 ವ್ಯಾಟಿನದು, ಡಿಮ್ಮಿಗೆ 55 ವ್ಯಾಟಿನದು. ಒಂದೇ ಬುರುಡೆಯಲ್ಲಿ ಎರಡು ತಂತಿ ಇಡುವ ಯುಕ್ತಿ ಇನ್ನೂ ಹಳೆಯದು. 1925ರಲ್ಲೇ ಜರ್ಮನಿಯ ಆಸ್ರಾಮ್ ಕಂಪನಿ ಅದನ್ನು ಬೈಲಕ್ಸ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತ್ತು.

ಈಗ ಬಲ್ಬನ್ನು ಬಿಟ್ಟು ಅದರ ಹಿಂದಿರುವ ಬಟ್ಟಲಿನ ಕಡೆ ನೋಡೋಣ. ಈ ವಿಷಯದ ಹೂರಣವೆಲ್ಲ ಇರುವುದು ಇಲ್ಲಿ. ಹೊಳೆಯುವ ಈ ಬಟ್ಟಲಿಗೆ ಒಂದು ಕೇಂದ್ರಬಿಂದುವಿದೆ. ಆ ಬಿಂದುವಿನಲ್ಲಿ ಬೆಳಕು ಹುಟ್ಟಿದರೆ ಕಿರಣಗಳು ಬಟ್ಟಲಿಗೆ ಬಡಿದು ಒಂದಕ್ಕೊಂದು ಸಮಾಂತರವಾಗಿ, ನೇರವಾಗಿ ಮುಂದಕ್ಕೆ ದೂರದವರೆಗೆ ಹೋಗುತ್ತವೆ. ಹೈಬೀಮಿನ ತಂತಿ ಇರುವುದು ಸರಿಯಾಗಿ ಆ ಬಿಂದುವಿನಲ್ಲಿ. ಡಿಮ್ಮಿನ ತಂತಿಯನ್ನು ಬೇಕೆಂದೇ ಸ್ವಲ್ಪ ಮುಂದಕ್ಕೆ ಇಟ್ಟಿರುತ್ತಾರೆ. ಅಲ್ಲಿಂದ ಹೊರಟು ಬಟ್ಟಲಿನ ಮೇಲರ್ಧಕ್ಕೆ ಬಿದ್ದ ಬೆಳಕು ಬಾಗಿ ಕೆಳಕ್ಕೆ, ರಸ್ತೆಯ ಮೇಲೆ ಬೀಳುತ್ತದೆ. ಕೆಳಗಿನ ಅರ್ಧಕ್ಕೆ ಬಿದ್ದದ್ದಾದರೋ ಮೇಲಕ್ಕೆ ಹಾರಿ ಎದುರಿನವನ ಕಣ್ಣಿಗೆ ಹೊಡೆಯಬೇಕಾಗಿತ್ತು. ಅದಾಗಬಾರದೆಂದು ಆ ತಂತಿಯ ಕೆಳಗೆ ಚಮಚದಂಥ ಪುಟ್ಟ ಲೋಹದ ತೊಟ್ಟಿಲೊಂದನ್ನು ಕಟ್ಟಿ, ಕೆಳಕ್ಕೆ ಹೋಗುವ ಬೆಳಕನ್ನು ತಡೆದಿದ್ದಾರೆ. ಅಂದರೆ ಡಿಮ್ ಹಾಕಿದಾಗ ಬಟ್ಟಲಿನ ಅರ್ಧಭಾಗವೇ ದುಡಿಯುತ್ತದೆ. ಎಚ್4 ಬಲ್ಬಿನ ಹೈಬೀಮು ಸುಮಾರು 1650 ಲ್ಯೂಮೆನ್ ಬೆಳಕು ಕೊಟ್ಟರೆ ಡಿಮ್ಮು 1000ದಷ್ಟು ಮಾತ್ರ ಕೊಡುವುದು ಬಹುಮಟ್ಟಿಗೆ ಈ ತೊಟ್ಟಿಲಿನ ದೆಸೆಯಿಂದ.

ಇಷ್ಟೆಲ್ಲ ನಡೆಯುವುದು ಮಿಲಿಮೀಟರುಗಳ ಲೆಕ್ಕದಲ್ಲಿ. ಬಲ್ಬಿನ ಬುಡದಲ್ಲಿ ಮೂರು ಕಿವಿಗಳಿವೆ. ಅವು ಒಂದೇ ರೀತಿ ಕೂರುತ್ತವೆ, ಬೇರೆ ರೀತಿ ಕೂರಲೊಲ್ಲವು. ತಂತಿ ತನ್ನ ಸ್ಥಾನದಿಂದ ಒಂದೆರಡು ಮಿಲಿಮೀಟರು ಕದಲಿದರೂ ಬೆಳಕಿನ ಆಕಾರ ಕೆಡುತ್ತದೆ. ಡಿಮ್ಮಿನ ಬೆಳಕಿಗೆ ಒಂದು ಆಕಾರವಿದೆ ಎಂಬುದನ್ನು ಬಹಳ ಜನ ಗಮನಿಸಿರುವುದಿಲ್ಲ. ಮನೆಯ ಕಾಂಪೌಂಡು ಗೋಡೆಯ ಎದುರು ಕಾರು ನಿಲ್ಲಿಸಿ ಡಿಮ್ ಹಾಕಿ ನೋಡಿದರೆ, ಮೇಲೆ ಕತ್ತಲೆ, ಕೆಳಗೆ ಬೆಳಕು, ನಡುವೆ ಕತ್ತರಿಸಿಟ್ಟಂತೆ ಒಂದು ಗೆರೆ. ಎಡಗಡೆಗೆ ಆ ಗೆರೆ ಸ್ವಲ್ಪ ಮೇಲೇರುತ್ತದೆ. ನಾವು ರಸ್ತೆಯ ಎಡಗಡೆಯಲ್ಲಿ ಹೋಗುವವರಾದ್ದರಿಂದ ಎಡಗಡೆಯ ಪಾದಚಾರಿ, ಸೈಕಲ್ಲಿನವ, ಮೈಲುಗಲ್ಲು ದೂರದಿಂದ ಕಾಣಲಿ. ಬಲಗಡೆ ಎದುರು ಬರುವವನಿಗೆ ಬೆಳಕು ಹೊಡೆಯದಿರಲಿ ಎಂಬುದು ಉದ್ದೇಶ. ಬಲಗಡೆ ಓಡಿಸುವ ಅರಬ್ಬೀ ದೇಶಗಳಿಂದಲೋ ಅಮೆರಿಕದಿಂದಲೋ ಅಗ್ಗವಾಗಿ ಬಂದ ದೀಪವನ್ನು ಇಲ್ಲಿ ಕೂರಿಸಿದರೆ ಏನಾದೀತೆಂದು ಊಹಿಸಿಕೊಳ್ಳಬಹುದು. ಎಡಗಡೆಯ ಮುದುಕರು ಕಾಣುವುದಿಲ್ಲ, ಬಲಗಡೆಯ ಲಾರಿಯ ಚಾಲಕನಿಗೆ ಕಣ್ಣು ಕತ್ತಲೆ.

ಹ್ಯಾಲೊಜನ್ ಆದ ಮೇಲೆ ಬಂದದ್ದು ಝೆನಾನ್ ದೀಪ. 1991ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕಾರಿನಲ್ಲಿ ಇದು ಮೊದಲು ಕಾಣಿಸಿಕೊಂಡಿತು. ಇದರಲ್ಲಿ ತಂತಿಯೇ ಇಲ್ಲ. ಎರಡು ಮೊನೆಗಳ ನಡುವೆ ಇಪ್ಪತ್ತು ಸಾವಿರ ವೋಲ್ಟಿಗೂ ಮೇಲ್ಪಟ್ಟ ಒಂದು ಏಟು ಕೊಟ್ಟು, ಪುಟಾಣಿ ಸಿಡಿಲಿನಂಥ ಕಿಡಿಯನ್ನು ಹೊತ್ತಿಸಿ, ಬಳಿಕ ಕಡಿಮೆ ವೋಲ್ಟಿನಲ್ಲಿ ಅದನ್ನು ಆರದಂತೆ ಉಳಿಸಿಕೊಳ್ಳುತ್ತಾರೆ. 35 ವ್ಯಾಟು ತಿಂದು 3200 ಲ್ಯೂಮೆನ್ ಬೆಳಕು ಕೊಡುವ ಮಿತವ್ಯಯಿ ಇದು. ಆದರೆ ಒಂದು ಮೊಂಡುತನವಿದೆ: ಹೊತ್ತಿಸಿದ ಕೂಡಲೇ ಪೂರ್ತಿ ಬೆಳಗುವುದಿಲ್ಲ, ಕೆಲವು ಸೆಕೆಂಡು ಹಿಡಿಯುತ್ತದೆ. ನಮ್ಮ ರಸ್ತೆಗಳಲ್ಲಿ ಹೈಬೀಮು ಒಂದು ಭಾಷೆಯೇ ಆಗಿರುವಾಗ, ಒಂದು ಸಲ ಮಿನುಗಿಸಿದರೆ ‘ನಾನು ಬರುತ್ತೇನೆ’, ಎರಡು ಸಲ ಮಿನುಗಿಸಿದರೆ ‘ನೀನು ನಿಲ್ಲು’ ಎಂದು ನಡೆದುಕೊಂಡು ಬಂದಿರುವಾಗ, ತಡವಾಗಿ ಮಾತನಾಡುವ ದೀಪ ಯಾವ ಪ್ರಯೋಜನಕ್ಕೆ? ಅದಕ್ಕೇ ಝೆನಾನಿನ ಮೊದಲ ಕಾರುಗಳಲ್ಲಿ ಕೆಲಸ ಹಂಚಿಕೊಂಡ ಏರ್ಪಾಟು ಕಾಣುತ್ತದೆ. ಸದಾ ಉರಿಯುವ ಡಿಮ್ಮಿಗೆ ಝೆನಾನು, ಬೇಕೆಂದಾಗ ಥಟ್ಟನೆ ಹೊತ್ತಿಕೊಳ್ಳಬೇಕಾದ ಹೈಬೀಮಿಗೆ ಹ್ಯಾಲೊಜನ್. ಮುಂದೆ ಒಂದೇ ಝೆನಾನು ಎರಡನ್ನೂ ಮಾಡಲೆಂದು ದೀಪದ ಮುಂದೆ ಒಂದು ಪರದೆಯನ್ನಿಟ್ಟರು. ಪರದೆ ಎದ್ದಿದ್ದರೆ ಡಿಮ್ಮು, ಮಲಗಿದರೆ ಹೈಬೀಮು. ದೀಪ ಆರುವುದೂ ಇಲ್ಲ, ಹೊತ್ತುವುದೂ ಇಲ್ಲ.

ಮೂರನೆಯದು ಎಲ್‌ಇಡಿ. 2007ರಲ್ಲಿ ಜಪಾನಿನ ಲೆಕ್ಸಸ್ ಕಾರೊಂದರ ಡಿಮ್ಮಿಗೆ ಇದನ್ನು ಬಳಸಿದರು. ಈಗ ನಮ್ಮ ಊರಿನ ಸ್ಕೂಟರುಗಳಲ್ಲೂ ಇದೆ. ಅರಳುಕಾಳಿನಷ್ಟು ಚಪ್ಪಟೆ ಬಿಲ್ಲೆ, ಹ್ಯಾಲೊಜನ್ನಿನ ಅರ್ಧಕ್ಕಿಂತ ಕಡಿಮೆ ವಿದ್ಯುತ್ತು, ಥಟ್ಟನೆ ಬೆಳಕು, ದೀರ್ಘಾಯುಸ್ಸು. ಅದಕ್ಕೆಂದೇ ಕಟ್ಟಿದ ದೀಪದಲ್ಲಿ ಅದು ಕುಳಿತಿದ್ದರೆ ಅದರಷ್ಟು ಅನುಕೂಲದ್ದು ಬೇರೆ ಇಲ್ಲ ಎನ್ನಲು ಅಡ್ಡಿಯಿಲ್ಲ. ತೊಂದರೆ ಹುಟ್ಟುವುದು ಜೆ.ಸಿ. ರಸ್ತೆಯ ಅಂಗಡಿಯಿಂದ ಎಲ್‌ಇಡಿ ಬಲ್ಬೊಂದನ್ನು ಕೊಂಡುತಂದು ಹ್ಯಾಲೊಜನ್ನಿನ ಬಟ್ಟಲಿಗೆ ತುರುಕಿದಾಗ. ಬಟ್ಟಲು ಲೆಕ್ಕ ಹಾಕಿಕೊಂಡಿರುವುದು ಸುತ್ತಲೂ ಬೆಳಗುವ, ಕಡ್ಡಿಯಂಥ ಒಂದು ತಂತಿಯನ್ನು. ಸಿಕ್ಕುವುದು ಎರಡು ಪಕ್ಕಕ್ಕೆ ಮಾತ್ರ ಬೆಳಗುವ ಚಪ್ಪಟೆ ಬಿಲ್ಲೆಗಳು. ಅದೂ ಬಿಂದುವಿನಿಂದ ಅತ್ತ ಇತ್ತ ಸರಿದು. ಪರಿಣಾಮವಾಗಿ ಆ ಗೆರೆ ಅಳಿಸಿಹೋಗಿ, ಬೆಳಕು ಚೆಲ್ಲಾಪಿಲ್ಲಿಯಾಗುತ್ತದೆ. ಕಾರಿನ ಯಜಮಾನನಿಗೆ ಮರದ ಕೊಂಬೆ, ಎದುರು ಮನೆಯ ಮಹಡಿ ಎಲ್ಲ ಹೊಳೆದು ‘ಆಹಾ, ಎಂಥ ಬೆಳಕು’ ಎನಿಸುತ್ತದೆ. ಕೊಂಬೆಗೆ ಹೋದ ಬೆಳಕು ರಸ್ತೆಯ ಪಾಲಿನಿಂದ ಕದ್ದದ್ದು ಎಂಬುದು ಮಾತ್ರ ಹೊಳೆಯುವುದಿಲ್ಲ. ಮೇಲಾಗಿ ಈ ಬಲ್ಬಿನ ಬೆನ್ನಿಗೆ ಬಿಸಿ ಕಳೆಯುವ ಲೋಹದ ರೆಕ್ಕೆಗಳೂ ಪುಟ್ಟ ಫ್ಯಾನೂ ಇರುತ್ತವೆ. ಅದಕ್ಕೆ ಜಾಗ ಸಾಲದೆ ದೀಪದ ಹಿಂದಿನ ರಬ್ಬರು ಮುಚ್ಚಳವನ್ನು ಕತ್ತರಿಸಿಬಿಡುತ್ತಾರೆ. ಮಳೆಗಾಲದಲ್ಲಿ ಒಳಗೆ ಆವಿ ಕಟ್ಟಿ, ದೀಪವೇ ಮಂಜು ಮುಸುಕಿದ ನಂದಿಬೆಟ್ಟ.

ಹಾಗಾದರೆ ಡಿಮ್ಮಿಗೆ ಒಂದು ಜಾತಿ, ಹೈಬೀಮಿಗೆ ಇನ್ನೊಂದು ಜಾತಿ ಇರಬಾರದೆಂದೇ? ಹಾಗೇನೂ ಇಲ್ಲ. ಕಂಪನಿಯವರೇ ಹಾಗೆ ಕಟ್ಟಿಕೊಟ್ಟ ಕಾರುಗಳಿವೆ. ಎರಡಕ್ಕೂ ಪ್ರತ್ಯೇಕ ಬಟ್ಟಲುಗಳಿರುವ ಕಾರಿನಲ್ಲಿ ಹೈಬೀಮು ಹಾಕಿದಾಗ ಡಿಮ್ಮು ಆರದೆ ಅದರ ಜೊತೆಗೂಡುವುದು ಸಾಮಾನ್ಯ. ಡಿಮ್ಮು ಹತ್ತಿರದ ನೆಲವನ್ನೂ ಹೈಬೀಮು ದೂರವನ್ನೂ ನೋಡಿಕೊಳ್ಳುತ್ತವೆ. ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಕಣ್ಣು ತನ್ನೆದುರಿಗಿರುವ ಅತಿ ಬೆಳಕಿನ ಜಾಗಕ್ಕೆ ಹೊಂದಿಕೊಳ್ಳುತ್ತದೆ. ಮೂಗಿನ ಮುಂದೆ ಹತ್ತು ಮೀಟರು ನೆಲ ಎಲ್‌ಇಡಿಯ ಬಿಳುಪಿನಲ್ಲಿ ಬೆಳಗುತ್ತಿದ್ದರೆ, ನೂರು ಮೀಟರಿನಾಚೆ ಹ್ಯಾಲೊಜನ್ ಹೈಬೀಮು ತೋರಿಸುವ ಎಮ್ಮೆ ಕಣ್ಣಿಗೆ ಮಸುಕಾಗುತ್ತದೆ. ಹೈಬೀಮು ಮೊದಲಿನಷ್ಟೇ ದುಡಿಯುತ್ತಿದೆ. ಕಣ್ಣು ಮಾತ್ರ ಅದನ್ನು ಗಮನಿಸುತ್ತಿಲ್ಲ. ಡಿಮ್ಮಿನ ಬಲ್ಬನ್ನಷ್ಟೇ ಪ್ರಖರವಾದದ್ದಕ್ಕೆ ಬದಲಿಸಿಕೊಂಡ ಕೆಲವರು ‘ಈಗ ಹೈಬೀಮು ಹಾಕಿದರೂ ಹಾಕದಿದ್ದರೂ ಒಂದೇ’ ಎನ್ನುವುದು ಇದಕ್ಕೇ.

ಮಂಜಿನ ದೀಪದ ಮಾತೂ ಇದಕ್ಕೆ ಸೇರಿದ್ದೇ. ಹಳದಿ ಬೆಳಕು ಮಂಜನ್ನು ಸೀಳುತ್ತದೆಂಬ ನಂಬಿಕೆ ಬಲವಾಗಿದೆ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡವಾದ್ದರಿಂದ ಎಲ್ಲ ಬಣ್ಣವನ್ನೂ ಒಂದೇ ಸಮನೆ ಚದುರಿಸುತ್ತವೆ; ಹಳದಿಗೆ ವಿಶೇಷ ರಿಯಾಯಿತಿ ಇಲ್ಲ. ಮಂಜಿನ ದೀಪಕ್ಕೆ ಬಲ ಬಂದಿರುವುದು ಅದು ಬಂಪರಿನಲ್ಲಿ ತಗ್ಗಿ ಕುಳಿತು, ನೆಲಕ್ಕೆ ಒತ್ತಿಕೊಂಡು, ಅಗಲವಾಗಿ ಹಾಸುವುದರಿಂದ. ಆದರೂ ನೀಲಿ ಅಂಶ ಕಡಿಮೆಯಾದ ಬೆಳಕು ಕಣ್ಣಿಗೆ ಸ್ವಲ್ಪ ಹಿತ ಎಂಬುದು ಹುಸಿಯಲ್ಲ. ಫ್ರಾನ್ಸಿನಲ್ಲಿ ಹೆಡ್‌ಲೈಟೆಂದರೆ ಹಳದಿಯೇ ಆಗಿರಬೇಕೆಂಬ ಕಟ್ಟಳೆ ಹಲವು ದಶಕ ನಡೆದು 1993ರಲ್ಲಿ ಕೊನೆಗೊಂಡಿತು. ನಾಗರಭಾವಿಯ ವರ್ತುಲ ರಸ್ತೆಯಲ್ಲಿ ಮಂಜೂ ಇಲ್ಲ, ಮಳೆಯೂ ಇಲ್ಲ. ಆದರೂ ನಾಲ್ಕು ದೀಪ ಉರಿಸಿಕೊಂಡು ಹೋಗುವವರಿಗೆ ಯಾವ ಶಾಸ್ತ್ರ ಆಧಾರವೋ!

ಬೆಳಕು ಸಾಲದೆಂದು ದೂರುವವರು ಬಲ್ಬು ಬದಲಿಸುವ ಮೊದಲು ನೋಡಬೇಕಾದ ಕೆಲವು ಸಂಗತಿಗಳಿವೆ. ತಂತಿಯ ಬಲ್ಬು ವೋಲ್ಟಿಗೆ ಬಹಳ ಸೂಕ್ಷ್ಮ. 13.2 ವೋಲ್ಟು ಸಿಗಬೇಕಾದ ಕಡೆ 12 ಸಿಕ್ಕರೆ ಬೆಳಕು ಕಾಲುಪಾಲಿಗಿಂತಲೂ ಹೆಚ್ಚು ಇಳಿಯುತ್ತದೆ. ಹಳೆಯ ಕಾರುಗಳಲ್ಲಿ ದೀಪದ ಪ್ರವಾಹವೆಲ್ಲ ಸ್ಟೀರಿಂಗಿನ ಬಳಿಯ ಸ್ವಿಚ್ಚಿನ ಮೂಲಕವೇ ಸುತ್ತಿಬರುತ್ತಿತ್ತು. ಎರಡು 55 ವ್ಯಾಟಿನ ಬಲ್ಬಿಗೆ ಒಂಬತ್ತು ಆಂಪಿಯರಿಗೂ ಮೇಲೆ. ಸವೆದ ಸ್ವಿಚ್ಚು, ತುಕ್ಕು ಹಿಡಿದ ಅರ್ತಿಂಗು, ಇವೆಲ್ಲ ದಾರಿಯಲ್ಲಿ ಸುಂಕ ಕೀಳುತ್ತವೆ. ರಿಲೇ ಹಾಕಿಸಿದರೆ ಸುಂಕದ ಕಾಟ ತಪ್ಪುತ್ತದೆ. ಬಡಾವಣೆಯ ವಾಲ್ವ್‌ಮನ್ ಕೈಯಲ್ಲಿ ಕೀಲಿ ತಿರುಗಿಸಿದರೆ ನೆಲದಡಿಯ ದೊಡ್ಡ ಕೊಳವೆಯಲ್ಲಿ ಕಾವೇರಿ ನೀರು ಹರಿಯುತ್ತದಲ್ಲ, ಹಾಗೆಯೇ ಸ್ವಿಚ್ಚಿನಲ್ಲಿ ಸಣ್ಣ ಪ್ರವಾಹ, ಬ್ಯಾಟರಿಯಿಂದ ದೀಪಕ್ಕೆ ನೇರವಾಗಿ ದೊಡ್ಡ ಪ್ರವಾಹ. ಇದನ್ನು ಬಿಟ್ಟು ನೂರು ವ್ಯಾಟಿನ ಬಲ್ಬು ಹಾಕಿಸಿದರೆ ಹದಿನಾರು ಆಂಪಿಯರು ದಾಟಿ, ಹೋಲ್ಡರು ಕರಗಿದ ವಾಸನೆ ಬರುವುದುಂಟು. ಇನ್ನು ಇಂದಿನ ದೀಪಗಳ ಮುಂದಿರುವುದು ಗಾಜಲ್ಲ, ಪ್ಲಾಸ್ಟಿಕ್ಕು. ಬಿಸಿಲಿಗೆ ಅದು ಹಳದಿಗಟ್ಟಿ ಪೊರೆ ಬಂದ ಕಣ್ಣಿನಂತಾಗುತ್ತದೆ. ಅದನ್ನು ಉಜ್ಜಿ ಹೊಳಪೇರಿಸಿದರೆ ಹೊಸ ಬಲ್ಬಿಗಿಂತ ಹೆಚ್ಚು ಗುಣ ಕಂಡೀತು. ಬಲ್ಬನ್ನು ಬದಲಿಸಲೇಬೇಕಾದರೆ ಜೋಡಿಯಾಗಿ ಬದಲಿಸಿ. ಒಂದು ಸುಟ್ಟಿದೆಯೆಂದರೆ ಅದರ ಜೊತೆಗಾರನಿಗೂ ಅಷ್ಟೇ ವಯಸ್ಸಾಗಿದೆ.

ಬೆಳಕು ಎಷ್ಟು ದೂರ ಬೇಕು ಎಂಬುದಕ್ಕೆ ಒಂದು ಲೆಕ್ಕ ಹಾಕೋಣ. ಕಂಡ ವಸ್ತು ಏನೆಂದು ತಿಳಿದು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು, ಆಮೇಲೆ ಒಣರಸ್ತೆಯಲ್ಲಿ ಗಟ್ಟಿಯಾದ ಬ್ರೇಕು ಎಂದು ಇಟ್ಟುಕೊಂಡರೆ, ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಕಾರು ನಿಲ್ಲಲು ಸುಮಾರು 48 ಮೀಟರು ಬೇಕು. 80ರಲ್ಲಿ 74 ಮೀಟರು. 100ರಲ್ಲಿ 106 ಮೀಟರು. ನೆಲದಿಂದ 65 ಸೆಂಟಿಮೀಟರು ಎತ್ತರದಲ್ಲಿದ್ದು, ಮೀಟರಿಗೊಂದು ಸೆಂಟಿಮೀಟರು ತಗ್ಗುವಂತೆ ಕೂರಿಸಿದ ಡಿಮ್ಮಿನ ಬೆಳಕು 65 ಮೀಟರಿಗೆ ನೆಲ ಮುಟ್ಟಿ ಮುಗಿದುಹೋಗುತ್ತದೆ. ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಬೀದಿದೀಪಗಳ ಕೆಳಗೆ ನಲವತ್ತರಲ್ಲಿ ಹೋಗುವವನಿಗೆ ಇದು ಧಾರಾಳ. ಅಲ್ಲಿ ಹೈಬೀಮು ಅನವಶ್ಯಕ, ಅಷ್ಟೇ ಅಲ್ಲ, ಅವಿವೇಕ. ಕೆಂಗೇರಿ ದಾಟಿ, 2023ರಲ್ಲಿ ಉದ್ಘಾಟನೆಯಾದ ಮೈಸೂರಿನ ಹೆದ್ದಾರಿಯಲ್ಲಿ ಕಾರಿಗೆ ಗೊತ್ತುಪಡಿಸಿದ ನೂರರ ಮಿತಿಯಲ್ಲೇ ಓಡಿದರೂ, ಡಿಮ್ಮಿನಲ್ಲಿ ಕಾಣುವುದಕ್ಕಿಂತ ನಿಲ್ಲುವ ದೂರ ಹೆಚ್ಚು. ಕೆಟ್ಟುನಿಂತು ಹಿಂದಿನ ದೀಪವಿಲ್ಲದ ಲಾರಿ ಕಣ್ಣಿಗೆ ಬೀಳುವ ಹೊತ್ತಿಗೆ ಲೆಕ್ಕ ಮುಗಿದಿರುತ್ತದೆ. ಎದುರಿಗೆ ಯಾರೂ ಇಲ್ಲದಾಗ ಹೈಬೀಮು, ಬಂದಾಗ ಡಿಮ್ಮು ಮತ್ತು ಅದರ ಜೊತೆಗೆ ವೇಗವನ್ನೂ ತಗ್ಗಿಸುವುದು. ಈ ಎರಡನೆಯದನ್ನು ಮರೆಯುವವರೇ ಹೆಚ್ಚು.

ಕಾನೂನು ಇದನ್ನು ತನ್ನ ರೀತಿಯಲ್ಲಿ ಅಳೆದಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು ಹೇಳುವ ಪ್ರಕಾರ, ದೀಪದಿಂದ 8 ಮೀಟರು ಮುಂದೆ, ಅರ್ಧ ಮೀಟರು ಬಲಕ್ಕೆ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕೋರೈಸಬಾರದು. ಕೋರೈಸದಂತೆ ತಗ್ಗಿಸುವ ಅನುಕೂಲವಾದರೂ ಚಾಲಕನ ಕೈಯಲ್ಲಿರಬೇಕು. ಹಿಂದೆ ಹೆಡ್‌ಲೈಟಿನ ಮೇಲರ್ಧಕ್ಕೋ ನಡುವಿಗೋ ಕಪ್ಪು ಬಣ್ಣ ಬಳಿಯುತ್ತಿದ್ದುದು ಹಿರಿಯ ವಾಚಕರಿಗೆ ನೆನಪಿರಬಹುದು; ಅದೂ ಇದೇ ಉದ್ದೇಶದ ನಾಟಿ ಔಷಧ. 2024ರ ಜುಲೈಯಿಂದ ಕರ್ನಾಟಕದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ರಾಜ್ಯದ ಉದ್ದಗಲಕ್ಕೂ ಪ್ರಕರಣ ಹೂಡತೊಡಗಿದರು. ದಂಡಕ್ಕಿಂತ ಭಯಪಡಬೇಕಾದದ್ದು ಕಣ್ಣಿನ ಸ್ವಭಾವಕ್ಕೆ. ಬೆಳಕಿನ ಹೊಡೆತ ತಿಂದ ಕಣ್ಣು ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಕೆಲವು ಸೆಕೆಂಡಾದರೂ ಬೇಕು. ವಯಸ್ಸಾದವರಿಗೆ, ಪೊರೆ ಬಂದವರಿಗೆ ಇನ್ನೂ ಹೆಚ್ಚು. 60ರ ವೇಗದಲ್ಲಿ ಒಂದು ಸೆಕೆಂಡಿಗೆ ಕಾರು ಸುಮಾರು ಹದಿನೇಳು ಮೀಟರು ಸಾಗುತ್ತದೆ. ಅಷ್ಟು ದೂರವನ್ನು ಎದುರಿನ ಚಾಲಕ ಕುರುಡನಾಗಿ ನಡೆಸುತ್ತಾನೆ, ನಡೆಸುತ್ತಿರುವುದು ನಮ್ಮ ಪಕ್ಕಕ್ಕೇ.

ಸರಿಯಾದ ಬಲ್ಬಿದ್ದೂ ಈ ಅನಾಹುತ ಆಗಬಹುದು. ಹಬ್ಬಕ್ಕೆ ಊರಿಗೆ ಹೊರಟ ಬಸವೇಶ್ವರನಗರದ ಒಂದು ಸಂಸಾರವನ್ನು ನೆನೆಯಿರಿ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಅಕ್ಕಿಮೂಟೆ, ತೆಂಗಿನಕಾಯಿ, ಪೆಟ್ಟಿಗೆಗಳು. ಕಾರಿನ ಹಿಂಭಾಗ ಐದು ಸೆಂಟಿಮೀಟರು ತಗ್ಗಿತೆನ್ನಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಎರಡೂವರೆ ಮೀಟರು ಅಂತರ. ಅಂದರೆ ಮೂತಿ ಮೀಟರಿಗೆ ಎರಡು ಸೆಂಟಿಮೀಟರಿನಂತೆ ಮೇಲೆದ್ದಿತು. ಮೀಟರಿಗೊಂದು ಸೆಂಟಿಮೀಟರು ತಗ್ಗಬೇಕಾಗಿದ್ದ ಬೆಳಕು ಈಗ ಅಷ್ಟೇ ಏರುತ್ತಿದೆ. ಐವತ್ತು ಮೀಟರು ದೂರದಲ್ಲಿ ಅದರ ಗೆರೆ ನೆಲದಿಂದ 115 ಸೆಂಟಿಮೀಟರು ಎತ್ತರದಲ್ಲಿರುತ್ತದೆ. ಎದುರಿನ ಕಾರಿನ ಚಾಲಕನ ಕಣ್ಣು ಇರುವುದೂ ಹೆಚ್ಚುಕಡಮೆ ಅಲ್ಲಿಯೇ. ಇವರು ಸಾಧುವಾಗಿ ಡಿಮ್ಮಿನಲ್ಲೇ ಹೋಗುತ್ತಿದ್ದಾರೆ, ಎದುರಿನವರೆಲ್ಲ ಏಕೆ ದೀಪ ಮಿನುಗಿಸಿ ಗದರಿಸುತ್ತಿದ್ದಾರೆಂದು ಅರ್ಥವಾಗುವುದಿಲ್ಲ.

ಇದಕ್ಕೆಂದೇ ಬಹಳ ಕಾರುಗಳಲ್ಲಿ ಸ್ಟೀರಿಂಗಿನ ಪಕ್ಕದಲ್ಲಿ ಸೊನ್ನೆಯಿಂದ ಮೂರರವರೆಗೆ ಅಂಕೆಯಿರುವ ಪುಟ್ಟ ತಿರುಗಣೆಯೊಂದಿದೆ. ಕಾರು ಕೊಂಡ ದಿನದಿಂದ ಅದನ್ನು ಮುಟ್ಟದವರು ಎಷ್ಟೋ ಮಂದಿ. ಒಬ್ಬರೇ ಹೋಗುವಾಗ ಸೊನ್ನೆ. ಹಿಂದೆ ಭಾರ ಏರಿದಂತೆ ಒಂದು, ಎರಡು ಎಂದು ತಿರುಗಿಸಿದರೆ ದೀಪ ತಲೆ ತಗ್ಗಿಸುತ್ತದೆ. ಅದು ಸರಿಯಾಗಿದೆಯೇ ಎಂದು ನೋಡುವುದಕ್ಕೆ ಗ್ಯಾರೇಜಿಗೇ ಹೋಗಬೇಕಾಗಿಲ್ಲ. ಟೈರುಗಳಿಗೆ ಸರಿಯಾಗಿ ಗಾಳಿ ತುಂಬಿಸಿ, ಸಮತಟ್ಟಾದ ನೆಲದಲ್ಲಿ ಕಾರನ್ನು ಗೋಡೆಗೆ ಐದು ಮೀಟರು ದೂರದಲ್ಲಿ ನಿಲ್ಲಿಸಿ, ಬಲ್ಬಿನ ನಡುಮಧ್ಯ ನೆಲದಿಂದ ಎಷ್ಟು ಎತ್ತರವಿದೆಯೋ ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಬೆಳಕಿನ ಗೆರೆ ಆ ಗುರುತಿಗಿಂತ ಐದು ಸೆಂಟಿಮೀಟರು ಕೆಳಗಿರಬೇಕು, ಎಡಕ್ಕೆ ಏರುತ್ತಿರಬೇಕು. ಎರಡು ದೀಪಗಳ ಗೆರೆಯೂ ಒಂದೇ ಮಟ್ಟದಲ್ಲಿರಬೇಕು. ಗೆರೆಯೇ ಕಾಣದೆ ಗೋಡೆಯೆಲ್ಲ ಬೆಳ್ಳಗಾಗಿದ್ದರೆ, ಸ್ಕ್ರೂ ತಿರುಗಿಸಿ ಫಲವಿಲ್ಲ. ಕೂರಬಾರದ ಬಲ್ಬು ಒಳಗೆ ಕುಳಿತಿದೆ, ಅದನ್ನು ತೆಗೆಸಿ ಕಾರಿನ ಪುಸ್ತಕದಲ್ಲಿ ಹೇಳಿರುವುದನ್ನೇ ಹಾಕಿಸಬೇಕು.